ಅಜ್ಜನ ಎರಡು ದಿನದ ತಿಥಿ

ನಮ್ಮ ಮನೆಯಲ್ಲಿ ಏಕಾದಶಿ ಎರಡು ಸಲ ಬರುತ್ತಿತ್ತು. ಉಳಿದವರ ಮನೆಗೆ ಹದಿನೈದು ದಿನಕ್ಕೊಮ್ಮೆ ಬಂದು ಮರ್ಯಾದೆಯಿಂದ ಹೊರಟುಹೋಗುವ ಉಪವಾಸ, ನಮ್ಮಲ್ಲಿ ಎಷ್ಟೋ ಸಲ ಮೊದಲು ಅಜ್ಜಿಗೆ ಬಂದು ಮರುದಿನ ಅಮ್ಮನಿಗೆ ಬರುತ್ತಿತ್ತು. ಅಜ್ಜಿ ಉಡುಪಿಯವಳು. ಊರಿನಿಂದ ತರಿಸಿಕೊಂಡ ಪಂಚಾಂಗದಲ್ಲಿ ಏನು ಅಚ್ಚಾಗಿದೆಯೋ ಅದೇ ಅವಳಿಗೆ ದಿನ; ಮೆಲ್ಬರ್ನಿನಲ್ಲಿ ಸೂರ್ಯ ಯಾವಾಗ ಹುಟ್ಟುತ್ತಾನೆ ಎಂಬುದು ಸೂರ್ಯನ ಸ್ವಂತ ವಿಚಾರ. ಅಮ್ಮ ಮೈಸೂರಿನವಳು, ಮೇಲಾಗಿ ಬಿ.ಎಸ್ಸಿ. ನಾವು ಎಲ್ಲಿ ನಿಂತಿದ್ದೇವೋ ಅಲ್ಲಿ ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೋ ಅದೇ ನಮ್ಮ ತಿಥಿ ಎಂದು ಅವಳ ವಾದ. ಮೆಲ್ಬರ್ನಿನ ಸೂರ್ಯ ಉಡುಪಿಯ ಸೂರ್ಯನಿಗಿಂತ ಎಷ್ಟೋ ಗಂಟೆ ಮೊದಲೇ ಎದ್ದುಬಿಡುತ್ತಾನೆ. ಆ ಹೊತ್ತಿಗೆ ತಿಥಿ ಶುರುವೇ ಆಗಿರುವುದಿಲ್ಲ. ಹಾಗಾಗಿ ಅಮ್ಮನ ಉಪವಾಸ ಒಂದು ದಿನ ತಡವಾಗಿ ಬರುತ್ತಿತ್ತು. ನಡುವಿನ ಬೆಳಗನ್ನು ಮಾತ್ರ ಯಾರೂ ಕೇಳಬಾರದು. ಹಿಂದಿನ ದಿನವೆಲ್ಲ ನೀರಿನ ಮೇಲಿದ್ದ ಅಜ್ಜಿ ಬೆಳ್ಳಂಬೆಳಿಗ್ಗೆ ಸ್ನಾನ ಮಾಡಿ ಪಾರಣೆಗೆಂದು ಹೆಸರುಬೇಳೆ ಪಾಯಸಕ್ಕೆ ತುಪ್ಪದಲ್ಲಿ ಗೋಡಂಬಿ ಹುರಿಯುತ್ತಿದ್ದಳು. ಅದೇ ಬೆಳಿಗ್ಗೆ ಅಮ್ಮನ ಉಪವಾಸ ಶುರು. ಅತ್ತೆ ಬೇಕೆಂದೇ ಕಿಟಕಿ ಮುಚ್ಚಿಕೊಂಡು ಹುರಿಯುತ್ತಾರೆ ಎಂದು ಅಮ್ಮನ ದೂರು. ಒಂದು ದಿನ ಹಸಿದ ಅಜ್ಜಿಯ ಸಿಟ್ಟು, ಮರುದಿನ ಹಸಿದ ಅಮ್ಮನ ಸಿಟ್ಟು. ನಾನೂ ಅಪ್ಪನೂ ಎರಡೂ ದಿನ ಉಂಡು, ಎರಡೂ ದಿನ ಬೈಸಿಕೊಳ್ಳುತ್ತಿದ್ದೆವು.

ಈ ಜಗಳ ಎಷ್ಟು ಸಣ್ಣದಾಗಿತ್ತು ಎಂಬುದು ಈಚೆಗೆ ತಿಳಿಯಿತು. ಈಗ ನಾನಿರುವ, ಮೆಲ್ಬರ್ನಿನದೇ ಹೊರಬಡಾವಣೆಯಾದ ಟಾರ್ನೀಟ್‌ನ ಮನೆಯಲ್ಲಿ ಕಾಗದದ ಪಂಚಾಂಗ ಇಲ್ಲ, ಫೋನಿನಲ್ಲಿ ಆಪ್ ಇದೆ. ತೆರೆದ ಕೂಡಲೇ ಅದು ನಿಮ್ಮ ಲೊಕೇಶನ್ ಬಳಸಬಹುದೇ ಎಂದು ಕೇಳುತ್ತದೆ. ಹೌದು ಎಂದರೆ ಅಮ್ಮನ ಏಕಾದಶಿ, ಬೇಡ ಎಂದರೆ ಊರಿನ ಲೆಕ್ಕದ ಅಜ್ಜಿಯದು. ನನ್ನ ಬಾಲ್ಯ ಆ ಒಂದು ಬಟನ್ನಿನ ಆಚೆ ಈಚೆ ಕಳೆದುಹೋಯಿತು ಎಂದು ಹೇಳಿದರೆ ನನ್ನ ಮಗಳು ಫೋನಿನಿಂದ ಕಣ್ಣೆತ್ತದೆ ಕೇಳುತ್ತಾಳೆ:

"ವೈ ಡಿಡಂಟ್ ದೇ ಜಸ್ಟ್ ಪಿಕ್ ಒನ್, ಅಮ್ಮಾ?"

ಒಂದನ್ನು ಆರಿಸಿಕೊಳ್ಳುವುದು ಅಷ್ಟು ಸುಲಭವಾಗಿದ್ದರೆ ಈ ಅಧ್ಯಾಯವನ್ನು ನಾನು ಬರೆಯುತ್ತಲೇ ಇರಲಿಲ್ಲ.

ನಾವಿದ್ದದ್ದು ಮೆಲ್ಬರ್ನಿನ ಬಾಲಾಕ್ಲಾವಾದಲ್ಲಿ, ಒಂದು ಹಳೆಯ ಇಟ್ಟಿಗೆ ಮನೆಯ ಹಿಂಭಾಗದಲ್ಲಿ. ಮುಂಭಾಗದಲ್ಲಿ ಮನೆಯ ಯಜಮಾನರಾದ ಯಾಂಕೆಲ್ ಅಂಕಲ್ ಒಬ್ಬರೇ ಇದ್ದರು. ಯಹೂದಿಗಳು, ಹೆಂಡತಿ ತೀರಿಕೊಂಡ ಮೇಲೆ ಮನೆಯ ನಡುವೆ ಒಂದು ತೆಳ್ಳನೆಯ ಗೋಡೆ ಎಬ್ಬಿಸಿ ಅರ್ಧವನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಅವರು ಶುಕ್ರವಾರ ಸಂಜೆ ಒಬ್ಬರೇ ಕೂತು ಹಾಡುವ ಹಾಡು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ನಮ್ಮ ಜಗಳ ಅವರ ಊಟದ ಮೇಜಿಗೆ ಕೇಳಿಸುತ್ತಿತ್ತು. ನಮಗೆ ಸಿಕ್ಕಿದ್ದು ಎರಡು ರೂಮು. ಒಂದು ಅಪ್ಪ ಅಮ್ಮನದು, ಇನ್ನೊಂದು ನನ್ನದು ಮತ್ತು ಅಜ್ಜಿಯದು. ನಮ್ಮ ರೂಮಿನಲ್ಲಿ ಎರಡು ಮಂಚ ಹಿಡಿಸದು ಎಂದು ಒಂದೇ ಮಂಚದಲ್ಲಿ ನಾವಿಬ್ಬರೂ ಮಲಗುತ್ತಿದ್ದೆವು. ಅಜ್ಜಿಯ ಸೀರೆಗೆ ಕರ್ಪೂರ ಮತ್ತು ತೆಂಗಿನೆಣ್ಣೆಯ ವಾಸನೆ. ಆ ವಾಸನೆ ಇಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು, ಅಪ್ಪನ ಪಾಳಿಗೆ ಹೊತ್ತುಗೊತ್ತಿಲ್ಲ. ಸ್ಕೂಲಿನಿಂದ ಬಂದಾಗ ಬಾಗಿಲು ತೆರೆಯುತ್ತಿದ್ದವಳು ಅಜ್ಜಿ, ನನ್ನ ಬ್ಯಾಗು ಕಸಿದುಕೊಂಡು ಅವಲಕ್ಕಿ ಕೊಡುತ್ತಿದ್ದವಳು ಅಜ್ಜಿ. ನನಗೆ ಕನ್ನಡ ಬಂದದ್ದು ಅವಳಿಂದ. ಅವಳೂ ಅಪ್ಪನೂ ತುಳುವಿನಲ್ಲಿ ಮಾತಾಡಿದರೆ ಅಮ್ಮನಿಗೆ ತನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ಅನುಮಾನ. ಹಾಗಾಗಿ ಮನೆಯ ಸಂಧಾನದ ಭಾಷೆ ಕನ್ನಡವಾಗಿತ್ತು.

ಅಪ್ಪ ಟ್ರಾಮ್ ಓಡಿಸುತ್ತಿದ್ದರು. ಟ್ರಾಮ್ ಓಡಿಸುವವರಿಗೆ ತಡವಾಗಿ ಹೋಗುವುದು ತಪ್ಪು, ಆದರೆ ಹೊತ್ತಿಗೆ ಮೊದಲೇ ಸ್ಟಾಪ್ ಬಿಡುವುದು ಮಹಾಪರಾಧ. ತಡವಾದರೆ ಜನ ಬೈಯುತ್ತಾರೆ, ಬೇಗ ಹೋದರೆ ಜನವೇ ಸಿಗುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಈ ತತ್ವವನ್ನು ಅವರು ಮನೆಯಲ್ಲೂ ಪಾಲಿಸಿ, ಯಾವ ವಿಷಯದಲ್ಲೂ ಅಭಿಪ್ರಾಯ ಕೊಡಲು ಮುಂದಾಗುತ್ತಿರಲಿಲ್ಲ. ಏಕಾದಶಿ ಯಾವತ್ತು ಎಂದು ಇಬ್ಬರೂ ಹೆಂಗಸರು ಒಟ್ಟಿಗೆ ಅವರ ಮುಖ ನೋಡಿದರೆ, ಶೂ ಹುಡುಕಿಕೊಂಡು ಡಿಪೋಗೆ ಹೊರಟುಬಿಡುತ್ತಿದ್ದರು.

ಅಜ್ಜಿಗೂ ಯಾಂಕೆಲ್ ಅಂಕಲ್‌ಗೂ ಗೆಳೆತನವಾದದ್ದು ಹಿತ್ತಿಲಿನ ಬಟ್ಟೆ ತಂತಿಯ ದೆಸೆಯಿಂದ. ಛತ್ರಿಯ ಹಾಗೆ ಅಗಲವಾಗಿ ಬಿಚ್ಚಿಕೊಂಡು ಗಾಳಿಗೆ ತಿರುಗುವ ತಂತಿ ಅದು. ಅರ್ಧ ಅವರದು, ಅರ್ಧ ನಮ್ಮದು ಎಂದು ಮಾತಾಗಿತ್ತು. ಅಜ್ಜಿ ಮಡಿ ಸೀರೆಯನ್ನು ಕೋಲಿನಿಂದ ಹರವಿ ಒಳಗೆ ಹೋಗುವಷ್ಟರಲ್ಲಿ ಮೆಲ್ಬರ್ನಿನ ಗಾಳಿ ಒಂದು ಸುತ್ತು ಹೊಡೆಸುತ್ತಿತ್ತು. ಅಂಕಲ್ ಅವರ ಕಪ್ಪು ಪ್ಯಾಂಟು ಹಾರಿ ಬಂದು ಅಜ್ಜಿಯ ಸೀರೆಗೆ ತಗಲುತ್ತಿತ್ತು. ಅಜ್ಜಿ ಮತ್ತೆ ಒಗೆಯುತ್ತಿದ್ದಳು. ಇದನ್ನು ಕಿಟಕಿಯಿಂದ ನೋಡಿದ ಅಂಕಲ್ ಒಂದು ದಿನ ಬಂದು, ಯಾಕೆ ಎಂದು ನನ್ನ ಮೂಲಕ ಕೇಳಿದರು. ಅಜ್ಜಿ ಹೇಳಿದಳು, ನಾನು ಇಂಗ್ಲಿಷಿಗೆ ತಿರುಗಿಸಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ತಮ್ಮ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ಒಂದು ಇನ್ನೊಂದಕ್ಕೆ ತಗಲಿದರೆ ತಮಗೂ ಇದೇ ಕತೆ ಎಂದರು. ಅಂದಿನಿಂದ ಅವರು ಸೋಮವಾರ, ಗುರುವಾರ ಮಾತ್ರ ಬಟ್ಟೆ ಒಣಗಿಸಿದರು. ವರ್ಷಗಟ್ಟಲೆ ಅವರಿಬ್ಬರೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಒಂದು ಲೋಟ ನೀರನ್ನೂ ಕುಡಿಯದೆ ಅತ್ಯಂತ ಆತ್ಮೀಯರಾಗಿದ್ದರು.

ಅಂಕಲ್ ಬದುಕಿನುದ್ದಕ್ಕೂ ಗುಂಡಿ, ಜಿಪ್ಪು, ನೂಲು ಮಾರಿದವರು. ಅವರ ಅಜ್ಜ ಪೋಲೆಂಡಿನಲ್ಲಿ ಕಬ್ಬಾಲಾ ಎಂಬ ಯಹೂದಿ ರಹಸ್ಯವಿದ್ಯೆಯನ್ನು ಓದಿದವರಂತೆ. ಮೊಮ್ಮಗ ಅಂಗಡಿಯ ಗಲ್ಲಾದ ಹಿಂದೆ ಕೂತು ಅದೇ ಪುಸ್ತಕಗಳನ್ನು ಓದಿದ್ದರು. ಅದರಲ್ಲಿ ಅವರಿಗೆ ಹುಚ್ಚು ಹಿಡಿಸಿದ್ದು ಕಾಲದ ವಿಚಾರ. ಕೇಳುವವರು ಬೇಕಾಗಿತ್ತು, ಅಜ್ಜಿ ಸಿಕ್ಕಿದಳು. ನಡುವೆ ಬಟ್ಟೆ ಕ್ಲಿಪ್ಪುಗಳ ಬುಟ್ಟಿ ಹಿಡಿದು ನಾನು. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆಗ ಅಜ್ಜಿಗೆ ಅದನ್ನು ತಲುಪಿಸಿದ್ದೂ ಹೀಗೇ, ಇಷ್ಟೇ ಮುರುಕು ಮುರುಕಾಗಿ. ವಾರದ ರಜೆಯ ದಿನವಾದ ಶಬ್ಬಾತ್ ವಾರದ ಕೊನೆ ಅಲ್ಲವಂತೆ, ವಾರದ ಬಾವಿಯಂತೆ. ಮುಂದಿನ ಮೂರು ದಿನ, ಹಿಂದಿನ ಮೂರು ದಿನ ಆ ಬಾವಿಯಿಂದಲೇ ನೀರು ಸೇದಿಕೊಂಡು ಬದುಕುತ್ತವಂತೆ. ದಿನ ಶುರುವಾಗುವುದು ಬೆಳಿಗ್ಗೆ ಅಲ್ಲ, ಸೂರ್ಯ ಮುಳುಗಿದಾಗ. ಶುಕ್ರವಾರ ಸಂಜೆ ಪ್ರತಿಯೊಬ್ಬರಿಗೂ ಒಂದು ಹೆಚ್ಚಿನ ಜೀವ ಬರುತ್ತದೆ, ಶನಿವಾರ ಸಂಜೆ ಹೊರಟುಹೋಗುತ್ತದೆ. ಅದು ಹೋದ ಸಂಕಟಕ್ಕೆ ಲವಂಗ ಏಲಕ್ಕಿ ಮೂಸಿ ಸುಧಾರಿಸಿಕೊಳ್ಳುತ್ತಾರೆ.

"ಹೆಚ್ಚಿನದ್ದು ಒಂದಾ? ಇರುವ ಒಂದು ಜೀವ ಸಾಕಿಯೇ ನನಗೆ ಸಾಕಾಗಿದೆ ಅಂತ ಹೇಳು ಅವರಿಗೆ," ಎಂದಳು ಅಜ್ಜಿ. ಹೇಳಿ ಒಳಗೆ ಹೋಗಿ, ಊರಿನಿಂದ ಬಂದ ಏಲಕ್ಕಿಯಲ್ಲಿ ಒಂದು ಮುಷ್ಟಿ ತಂದು ಅವರು ಒಡ್ಡಿದ ಟೋಪಿಯೊಳಗೆ ಮುಟ್ಟದ ಹಾಗೆ ಮೇಲಿನಿಂದ ಹಾಕಿದಳು. ಅದನ್ನು ಬೇಯಿಸಿಲ್ಲ, ಯಾರೂ ತಿನ್ನುವುದಿಲ್ಲ, ಮೂಸುವುದು ಮಾತ್ರ. ಹಾಗಾಗಿ ಎರಡು ಧರ್ಮಕ್ಕೂ ತೊಂದರೆಯಿಲ್ಲ.

ಅವರ ಇನ್ನೊಂದು ಮಾತು ಅಪ್ಪನಿಗೆ ಬಹಳ ಹಿಡಿಸಿತ್ತು. ಹಬ್ಬ ಎಂದರೆ ಹಿಂದೆ ನಡೆದದ್ದನ್ನು ನೆನಪು ಮಾಡಿಕೊಳ್ಳುವುದಲ್ಲ. ಹಬ್ಬ ತಾನು ಇದ್ದಲ್ಲೇ ಇರುತ್ತದೆ; ನಾವು ವರ್ಷವೆಲ್ಲ ಸುತ್ತಿ ಬಂದು ಮತ್ತೆ ಅದರ ಮುಂದೆ ನಿಲ್ಲುತ್ತೇವೆ.

"ಕರೆಕ್ಟ್! ಸ್ಟಾಪ್ ಎಲ್ಲಿಗೂ ಹೋಗುದಿಲ್ಲ, ನಾವೇ ಹೋಗುದು," ಎಂದು ಅಪ್ಪ ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಹೀಗಿರುವಾಗ ಅಜ್ಜನ ಶ್ರಾದ್ಧ ಬಂತು. ಅಜ್ಜ ಉಡುಪಿಯಲ್ಲಿ ಕಾರ್ತಿಕ ಮಾಸದ ಬಹುಳ ತದಿಗೆಯಂದು ತೀರಿಕೊಂಡವರು. ಆಮೇಲೆಯೇ ಅಜ್ಜಿ ನಮ್ಮಲ್ಲಿಗೆ ಬಂದದ್ದು. ಅಲ್ಲಿಯವರೆಗಿನ ವರ್ಷಗಳಲ್ಲಿ ಪುಣ್ಯಕ್ಕೆ ಎರಡು ಲೆಕ್ಕವೂ ಒಂದೇ ದಿನಕ್ಕೆ ಬಿದ್ದಿದ್ದವು. ಆ ವರ್ಷ ಕೂಡಲಿಲ್ಲ. ಶ್ರಾದ್ಧಕ್ಕೆ ಮಧ್ಯಾಹ್ನದ ಹೊತ್ತಿಗೆ ತದಿಗೆ ಇರಬೇಕು. ಉಡುಪಿಯ ಮಧ್ಯಾಹ್ನಕ್ಕೆ ತದಿಗೆ ಇದ್ದದ್ದು ಮಂಗಳವಾರ, ಮೆಲ್ಬರ್ನಿನ ಮಧ್ಯಾಹ್ನಕ್ಕೆ ಇದ್ದದ್ದು ಬುಧವಾರ. ಏಕಾದಶಿಯಾದರೆ ಅವರವರ ಹೊಟ್ಟೆ ಅವರವರದು. ಅಜ್ಜ ಒಬ್ಬರೇ. ಅವರನ್ನು ಎರಡು ಸಲ ಕೂರಿಸಿ ಬಡಿಸಲು ಬರುವುದಿಲ್ಲ, ಅಪ್ಪನಿಗೆ ಸಿಕ್ಕ ರಜೆಯೂ ಒಂದೇ ದಿನದ್ದು.

"ಅವರು ಸತ್ತದ್ದು ಉಡುಪಿಯಲ್ಲಿ. ಅವರ ಗಡಿಯಾರ ಉಡುಪಿಯದ್ದು," ಎಂದಳು ಅಜ್ಜಿ. "ಮಂಗಳವಾರ ಬಂದು ಬಾಗಿಲಲ್ಲಿ ನಿಂತು, ಒಳಗೆ ಒಲೆ ಹಚ್ಚಿಲ್ಲ ಅಂತ ನೋಡಿ, ಹಸಿದುಕೊಂಡೇ ಹೋಗುದಾ? ಬದುಕಿರುವಾಗ ಒಂದು ದಿನ ನಾನು ಅವರಿಗೆ ಊಟಕ್ಕೆ ತಡ ಮಾಡಿದವಳಲ್ಲ."

"ಮಾಡೋರು ಎಲ್ಲಿರ್ತಾರೋ ಅಲ್ಲಿಯ ದಿನ ಅತ್ತೆ. ತಿಥಿ ಇಲ್ಲದ ದಿನ ಅಡುಗೆ ಮಾಡಿ ಇಟ್ಟರೆ ಅದು ಶ್ರಾದ್ಧ ಆಗುತ್ತಾ? ಬರೀ ಊಟ ಆಗುತ್ತೆ. ಆ ಪಾಪ ನಂಗ್ಬೇಡ. ಮಂಗಳವಾರ ನಾನು ಒಲೆ ಹಚ್ಚಲ್ಲ," ಎಂದಳು ಅಮ್ಮ.

ಇಬ್ಬರೂ ಅಪ್ಪನ ಕಡೆ ತಿರುಗಿದರು. ಅಪ್ಪ ಶೂ ಹುಡುಕಿದರು. ಅಜ್ಜಿ ಶೂ ಮೊದಲೇ ಬಚ್ಚಿಟ್ಟಿದ್ದಳು. ಬೇರೆ ದಾರಿಯಿಲ್ಲದೆ ಅಪ್ಪ ಕುರ್ಚಿಯಲ್ಲಿ ಕೂತು, ತನಗೆ ರಜೆ ಬುಧವಾರ ಸಿಕ್ಕಿದೆ ಎಂದು ನೆಲ ನೋಡುತ್ತಾ ಹೇಳಿದರು. ಅಜ್ಜಿ ಎದ್ದು ಹೋಗಿ ಸಿಡ್ನಿಗೆ ಫೋನ್ ಮಾಡಿಸಿದಳು. ಡಯಲ್ ಮಾಡಿಕೊಟ್ಟವಳು ನಾನೇ. ಸಿಡ್ನಿಯಲ್ಲಿ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ದೊಡ್ಡ ಮನೆ ಕಟ್ಟಿಸಿಕೊಂಡಿದ್ದರು. ದೊಡ್ಡಪ್ಪನ ವಿಶೇಷವೆಂದರೆ ಯಾರು ಏನು ಹೇಳಿದರೂ ಒಪ್ಪಿಕೊಳ್ಳುವುದು. ಉಡುಪಿ ಪಂಚಾಂಗದ ದಿನವೇ ಸರಿಯೋ ಎಂದರೆ ಸರಿ ಎಂದರು. ನಿನ್ನ ಮನೆಯಲ್ಲಿ ಅದರಂತೆಯೇ ನಡೆಯುತ್ತದೋ ಎಂದರೆ ನಡೆಯುತ್ತದೆ ಎಂದರು. ಹಾಗಾದರೆ ಬಂದು ನನ್ನನ್ನು ಕರೆದುಕೊಂಡು ಹೋಗು, ಇನ್ನು ಮೇಲೆ ನಾನು ಅಲ್ಲೇ ಇರುವುದು ಎಂದಳು ಅಜ್ಜಿ. ಅದಕ್ಕೂ ಒಪ್ಪಿಕೊಂಡು, ಮಂಗಳವಾರಕ್ಕೆ ಮೊದಲು ಬರಲಾಗುವುದಿಲ್ಲ, ಬುಧವಾರ ವಿಮಾನದಲ್ಲಿ ಬರುತ್ತೇನೆ, ಸಂಜೆ ಇಬ್ಬರೂ ವಾಪಸ್ ಹೊರಡೋಣ ಎಂದರು. ಅಜ್ಜಿ ಫೋನ್ ಇಟ್ಟು, ಕಪಾಟಿನ ಮೇಲಿದ್ದ ನೀಲಿ ಚೀಲವನ್ನು ಇಳಿಸಿಕೊಡು ಎಂದಳು.

ನಾನು ಅದನ್ನು ಇಳಿಸಿಕೊಡಲಿಲ್ಲ. ಅಜ್ಜಿಯೇ ಸ್ಟೂಲ್ ಹತ್ತಿ ಇಳಿಸಿಕೊಂಡಳು. ಅವಳು ಸೀರೆಗಳನ್ನು ಮಡಿಸಿ ಮಡಿಸಿ ಇಡುತ್ತಿದ್ದರೆ ನಾನು ಮಂಚದ ಮೇಲೆ ಕೂತು ಅಳುತ್ತಿದ್ದೆ. ಅಮ್ಮ "ಇರಿ ಅತ್ತೆ" ಎಂಬ ಎರಡು ಮಾತು ಹೇಳಿದ್ದರೆ ಸಾಕಿತ್ತು. ಅಮ್ಮ ಹೇಳಲಿಲ್ಲ. ತನ್ನನ್ನು ಕೇಳದೆ ಸಿಡ್ನಿಗೆ ಫೋನ್ ಹೋದದ್ದರಿಂದ ಅವಳಿಗೆ ನೋವಾಗಿತ್ತು, ನೋವಾದರೆ ಅವಳು ಪಾತ್ರೆ ತೊಳೆಯುತ್ತಿದ್ದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ಅಡುಗೆಮನೆಯಿಂದ ಬರುತ್ತಿತ್ತು. ಅಂದಿನಿಂದ ಅತ್ತೆ ಸೊಸೆಯರ ಮಾತು ನನ್ನ ಮೂಲಕ ನಡೆಯತೊಡಗಿತು. ಒಂದೇ ರೂಮಿನಲ್ಲಿ ನಿಂತು, ಒಂದೇ ಕನ್ನಡದಲ್ಲಿ, "ನಿಮ್ಮಜ್ಜಿಗೆ ಕಾಫಿ ಬೇಕಾ ಕೇಳು" ಎಂದು ಅಮ್ಮ, "ಬೇಡ ಅಂತ ನಿನ್ನ ಅಮ್ಮನಿಗೆ ಹೇಳು" ಎಂದು ಅಜ್ಜಿ. ಕಬ್ಬಾಲಾವನ್ನು ಭಾಷಾಂತರ ಮಾಡುವುದು ಇದಕ್ಕಿಂತ ಸುಲಭವಾಗಿತ್ತು.

ಸೋಮವಾರ ಯಾಂಕೆಲ್ ಅಂಕಲ್ ಬಟ್ಟೆ ಹರವಲು ಬಂದರು. ಗೋಡೆ ತೆಳ್ಳಗಿದ್ದುದರಿಂದ ಜಗಳ ನಡೆದಿದೆ ಎಂಬುದು ಅವರಿಗೆ ಗೊತ್ತಿತ್ತು, ಯಾತಕ್ಕೆಂದು ಗೊತ್ತಿರಲಿಲ್ಲ. ಅಜ್ಜಿಯೇ ಶುರುಮಾಡಿದಳು.

"ಕೇಳು ಅವರಿಗೆ. ಅವರ ಅಜ್ಜ ಸತ್ತದ್ದು ಆ ದೇಶದಲ್ಲಿ. ಇವರು ಇರುವುದು ಇಲ್ಲಿ. ಎರಡು ಕಡೆ ದಿನ ಬೇರೆ ಬೇರೆ ಬಿದ್ದರೆ ಎಂತ ಮಾಡ್ತಾರೆ?"

ನಾನು ಕೇಳಿದೆ. ಅವರು ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಬುಟ್ಟಿಗೆ ಹಾಕಿ, ಮೆಟ್ಟಿಲ ಮೇಲೆ ಕೂತರು. ಅವರು ಕೂತರೆಂದರೆ ಮಾತು ಉದ್ದವೆಂದು ಅರ್ಥ. ಹಿಂದಿನ ಕಾಲದಲ್ಲಿ ಜೆರುಸಲೇಮಿನಲ್ಲಿ ಯಾರಾದರೂ ಹೊಸ ಚಂದ್ರನನ್ನು ಕಂಡು ಬಂದು ಹೇಳಿದ ಮೇಲೆಯೇ ತಿಂಗಳು ಶುರುವಾಗುತ್ತಿತ್ತಂತೆ. ದೂರದ ಊರುಗಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹಬ್ಬವೇ ಬಂದುಬಿಡುತ್ತಿತ್ತು. ಇವತ್ತೋ ನಾಳೆಯೋ ಗೊತ್ತಾಗದೆ ದೂರದವರು ಎರಡೂ ದಿನ ಹಬ್ಬ ಮಾಡಿದರು. ಆಮೇಲೆ ಗಣಿತ ಬಂತು, ಲೆಕ್ಕ ಖಚಿತವಾಯಿತು, ಅನುಮಾನ ಹೋಯಿತು.

"ಹಾಗಾದರೆ ಈಗ ಒಂದೇ ದಿನ?" ಎಂದು ಅಜ್ಜಿ.

"ಈಗಲೂ ಎರಡು ದಿನ," ಎಂದರು ಅಂಕಲ್.

"ಯಾಕೆ? ಅನುಮಾನ ಹೋಯಿತಲ್ಲ?"

"ಅನುಮಾನ ಹೋಯಿತು, ದೂರ ಹೋಗಲಿಲ್ಲವಲ್ಲ," ಎಂದರು ಅಂಕಲ್. ತಮ್ಮ ಅಜ್ಜನ ಪುಸ್ತಕಗಳು ಇದಕ್ಕೆ ಕೊಡುವ ಕಾರಣ ಬೇರೆಯೇ ಎಂದರು. ಪ್ರತಿ ಹಬ್ಬಕ್ಕೂ ಮೇಲಿನಿಂದ ಒಂದು ಬೆಳಕು ಇಳಿಯುತ್ತದೆ. ಸ್ವಂತ ನೆಲದಲ್ಲಿ ಇರುವವರಿಗೆ ಅದನ್ನು ಒಂದೇ ದಿನದಲ್ಲಿ ಹಿಡಿದುಕೊಳ್ಳುವ ಶಕ್ತಿ ಇದೆ. ದೂರ ಬಂದವರ ಪಾತ್ರೆ ಸಣ್ಣದು, ಒಮ್ಮೆಗೇ ಸುರಿದರೆ ಚೆಲ್ಲಿಹೋಗುತ್ತದೆ. ಆದ್ದರಿಂದ ಅದೇ ಬೆಳಕು ಎರಡು ದಿನ ತೆಗೆದುಕೊಂಡು ನಿಧಾನವಾಗಿ ಇಳಿಯುತ್ತದೆ. ತಮ್ಮ ಹೊಸ ವರ್ಷದ ಎರಡು ದಿನಗಳನ್ನಂತೂ ಎರಡು ಎಂದು ಎಣಿಸುವುದೇ ಇಲ್ಲವಂತೆ. ಅದು ಒಂದು ಉದ್ದನೆಯ ದಿನ.

ನಾನು ಎಲ್ಲವನ್ನೂ ಹೇಳಿ ಮುಗಿಸಿದೆ. ಬೆಳಕು ಎನ್ನುವಲ್ಲಿ ಲೈಟು ಎಂದೆ, ಪಾತ್ರೆ ಎನ್ನುವಲ್ಲಿ ಅಜ್ಜಿಯ ತಂಬಿಗೆಯನ್ನು ತೋರಿಸಿದೆ. ಅಜ್ಜಿ ತಂತಿಯನ್ನು ಒಂದು ಸುತ್ತು ತಿರುಗಿಸಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಯೋಚನೆ ಇತ್ತು.

"ಮತ್ತೆ ದಿನ ಶುರುವಾಗುದು ಸಂಜೆಗೆ ಅಂತ ಹೇಳಿದ್ದರಲ್ಲ ಇವರು? ಮಂಗಳವಾರ ಸಂಜೆ ಇವರ ಲೆಕ್ಕದಲ್ಲಿ ಯಾವ ವಾರ?"

"ಸೂರ್ಯ ಮುಳುಗಿದರೆ ಬುಧವಾರ," ಎಂದರು ಅಂಕಲ್.

ಅಜ್ಜಿ ಒಳಗೆ ಬಂದು ಅಪ್ಪನನ್ನು ಕರೆದಳು. ನಾಳೆ ಇಲ್ಲಿ ಸೂರ್ಯ ಮುಳುಗುವಾಗ ಊರಿನಲ್ಲಿ ಎಷ್ಟು ಗಂಟೆ ಎಂದು ಕೇಳಿದಳು. ಇದು ಟೈಮ್‌ಟೇಬಲ್ಲಿನ ಪ್ರಶ್ನೆ, ಅಭಿಪ್ರಾಯದ್ದಲ್ಲ. ಅಪ್ಪನಿಗೆ ಧೈರ್ಯ ಬಂತು. ಊರಿನ ಚಳಿಗಾಲ ಇಲ್ಲಿ ಬೇಸಿಗೆ, ಕತ್ತಲಾಗುವುದು ತಡ, ಸರಕಾರ ಗಡಿಯಾರವನ್ನು ಬೇರೆ ಮುಂದೆ ತಳ್ಳಿರುತ್ತದೆ, ಅದನ್ನೆಲ್ಲ ಕಳೆದು ಹೇಳಿದರು:

"ಉಡುಪಿಯಲ್ಲಿ ಆಗ ಮಧ್ಯಾಹ್ನ ಅಮ್ಮ. ಹತ್ತಿರ ಹತ್ತಿರ ಮೂರು ಗಂಟೆ. ಶ್ರಾದ್ಧದ ಊಟದ್ದೇ ಟೈಮ್."

ಅಜ್ಜಿ ಗೋಡೆ ನೋಡಿಕೊಂಡು, ಆದರೆ ಅಮ್ಮನಿಗೆ ಕೇಳುವ ಹಾಗೆ, ತೀರ್ಪು ಕೊಟ್ಟಳು. ಶ್ರಾದ್ಧದ ಹಿಂದಿನ ದಿನ ಆಹ್ವಾನ ಕೊಡುವ ಪದ್ಧತಿ ಇದ್ದೇ ಇದೆ. ಮಂಗಳವಾರ ಸಂಜೆ ಅಜ್ಜನನ್ನು ಉಡುಪಿಯ ಹೊತ್ತಿಗೆ ಬರಮಾಡಿಕೊಳ್ಳುವುದು. ಬುಧವಾರ ಮಧ್ಯಾಹ್ನ ಮೆಲ್ಬರ್ನಿನ ಹೊತ್ತಿಗೆ ಬಡಿಸುವುದು. ಅಷ್ಟು ದೂರದಿಂದ ಬರುವವರು, ಬಂದ ಕೂಡಲೇ ಉಣ್ಣಲಿಕ್ಕೆ ಅವರಿಗೂ ಆಗುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮನ ದನಿ ಬಂತು.

"ಬುಧವಾರಕ್ಕೆ ಉದ್ದಿನ ವಡೆಗೆ ಎಷ್ಟು ನೆನೆಸಲಿ ಅಂತ ನಿಮ್ಮಜ್ಜಿನ ಕೇಳು."

ಮಂಗಳವಾರ ಸಂಜೆ ಅಜ್ಜಿ ಹಿತ್ತಿಲ ಬಾಗಿಲ ಹೊರಗೆ ನೀರು ಚಿಮುಕಿಸಿ, ಹಣತೆಯೊಂದನ್ನು ಹಚ್ಚಿ ಇಟ್ಟಳು. ಅಪ್ಪ ಯೂನಿಫಾರ್ಮ್ ಬದಲಿಸಿ, ಪಂಚೆ ಉಟ್ಟು, ಗಡಿಯಾರ ಹಿಡಿದು ನಿಂತಿದ್ದರು. ಹೊತ್ತಿಗೆ ಮೊದಲು ಹೊರಡುವಂತಿಲ್ಲ. ಮನೆಯ ಮಗ್ಗುಲಿನ ಮೂಲೆಯಲ್ಲಿ ಅಂಕಲ್ ಟೋಪಿ ಸರಿಪಡಿಸಿಕೊಂಡು, ಇದು ತಮ್ಮ ಕೆಲಸವಲ್ಲ ಎಂಬಂತೆ ಗುಲಾಬಿ ಗಿಡಕ್ಕೆ ನೀರು ಹಾಕುತ್ತಾ ನಿಂತಿದ್ದರು. ಸೂರ್ಯ ಎದುರು ಮನೆಯ ಹೆಂಚಿನ ಹಿಂದೆ ಇಳಿದ. ಅಪ್ಪ ತಲೆ ಆಡಿಸಿದರು. ಅಜ್ಜಿ ಅಜ್ಜನ ಹೆಸರು ಹೇಳುವವಳಲ್ಲ. ಸೆರಗು ಹೊದ್ದುಕೊಂಡು ಖಾಲಿ ಹಿತ್ತಿಲಿಗೆ ಹೇಳಿದಳು:

"ಬಂದಿರಾ? ದೂರ ಆಯ್ತು, ಗೊತ್ತುಂಟು. ಒಳಗೆ ಬನ್ನಿ. ಇಲ್ಲಿ ಎಲ್ಲ ಸ್ವಲ್ಪ ನಿಧಾನ. ಊಟ ನಾಳೆ."

ನನಗೆ ಅಜ್ಜ ಬಂದರೋ ಇಲ್ಲವೋ ಗೊತ್ತಿಲ್ಲ. ಅಜ್ಜಿಯ ದನಿ ಮಾತ್ರ ನಾನು ಅಲ್ಲಿಯವರೆಗೆ ಕೇಳಿದ ದನಿಯಾಗಿರಲಿಲ್ಲ. ಅದು ಯಾರದೋ ಹೆಂಡತಿಯ ದನಿ. ಅಮ್ಮ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಳು.

ಬುಧವಾರ ದೊಡ್ಡಪ್ಪ ಬಂದರು. ಆ ಕಾಲಕ್ಕೆ ನಮಗೆ ಪುರೋಹಿತರು ಸಿಗುತ್ತಿರಲಿಲ್ಲ. ಊರಿನ ಭಟ್ಟರು ಕ್ಯಾಸೆಟ್ಟಿನಲ್ಲಿ ಇದ್ದರು. ಟೇಪ್ ರೆಕಾರ್ಡರಿನಿಂದ ಭಟ್ಟರು ಜನಿವಾರ ಬಲಕ್ಕೆ ಎಂದರೆ ಅಪ್ಪ ಬಲಕ್ಕೆ, ಎಡಕ್ಕೆ ಎಂದರೆ ಎಡಕ್ಕೆ. ಕ್ಯಾಸೆಟ್ಟಿನ ಭಟ್ಟರು ಯಾರಿಗೂ ಕಾಯುವವರಲ್ಲ. ಅಪ್ಪ ಎಳ್ಳು ಹುಡುಕುವಷ್ಟರಲ್ಲಿ ಅವರು ಮುಂದಿನ ಪಿತೃವಿಗೆ ಹೋಗಿಬಿಟ್ಟಿದ್ದರು. ದೊಡ್ಡಪ್ಪ ಹಿಂದಕ್ಕೆ ತಿರುಗಿಸಲು ಹೋಗಿ ಸಂಕಲ್ಪಕ್ಕೇ ತಲುಪಿಸಿದರು. ಅಂತೂ ತದಿಗೆ ಇರುವಾಗಲೇ ಮುಗಿಯಿತು. ಗಂಡಸರ ಊಟವಾಯಿತು. ಎಲೆಯ ಮುಂದೆ ತೃಪ್ತಿಯಿಂದ ಕೂತಿದ್ದ ದೊಡ್ಡಪ್ಪ ಬಾಯಿತಪ್ಪಿ ಹೇಳಿಬಿಟ್ಟರು, ನಮ್ಮಲ್ಲಿ ಈ ಸಂಡೇಗೆ ಇಟ್ಟುಕೊಂಡಿದ್ದೇವೆ, ವರ್ಕಿಂಗ್ ಡೇ ಆದರೆ ಯಾರೂ ಬರುವುದಿಲ್ಲ ಎಂದು.

"ಸಂಡೇಯಾ?" ಅಜ್ಜಿ ನಿಂತಲ್ಲೇ ನಿಂತಳು. "ನಿನ್ನ ಅಪ್ಪ ಸತ್ತದ್ದು ಸಂಡೇಯಾ?"

ದೊಡ್ಡಪ್ಪ ಅದಕ್ಕೂ ಒಪ್ಪಿಕೊಳ್ಳುವವರಿದ್ದರು, ಅಪ್ಪ ಕಾಲು ತುಳಿದರು. ಆದರೂ ಅಜ್ಜಿ ಹೊರಡುವುದಿಲ್ಲ ಎನ್ನಲಿಲ್ಲ. ತಾನೇ ಕರೆಸಿದ ಮಗ, ತೆಗೆಸಿದ ಟಿಕೆಟ್. ಅಜ್ಜಿ ಆಡಿದ ಮಾತನ್ನು ನುಂಗುವವಳಲ್ಲ. ನೀಲಿ ಚೀಲ ಬಾಗಿಲ ಬಳಿ ನಿಂತಿತ್ತು. ದೊಡ್ಡಪ್ಪ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅಜ್ಜಿ, ನಾನು, ಅಮ್ಮ ಊಟಕ್ಕೆ ಕೂತೆವು. ಅಮ್ಮ ಎದ್ದೆದ್ದು ಬಡಿಸುತ್ತಿದ್ದಳು. ಅಜ್ಜಿಯ ಎಲೆಗೆ ಪಾಯಸ ಬಡಿಸಿದ ಅಮ್ಮ ಸೌಟು ಕೈಯಲ್ಲಿ ಹಿಡಿದು ಹಾಗೇ ನಿಂತಳು. ನನ್ನ ಕಡೆ ನೋಡಲಿಲ್ಲ, ನೇರವಾಗಿ ಅಜ್ಜಿಗೇ ಹೇಳಿದಳು:

"ಅತ್ತೆ, ಮುಂದಿನ ವರ್ಷನೂ ಎರಡು ದಿನ ಬಿದ್ದರೆ ಬುಧವಾರದ್ದು ನಾನು ಮಾಡ್ತೀನಿ. ಮಂಗಳವಾರದ್ದು ಯಾರು ಮಾಡ್ತಾರೆ? ಮಾವನ್ನ ಹಾಗೆ ಕರೆಯೋಕೆ ನಂಗೆ ಬರಲ್ಲ."

ಅಜ್ಜಿ ಪಾಯಸವನ್ನು ಎರಡು ಸಲ ಬಾಯಿಗೆ ಇಟ್ಟುಕೊಂಡಳು.

"ಅದು ಹೌದು. ನಿನಗೆ ಎಂತ ಬರ್ತದೆ," ಎಂದಳು.

ನನಗೆ ಅಷ್ಟು ಸಾಕಾಯಿತು. ಕೈ ಕೂಡ ತೊಳೆಯದೆ ಎದ್ದು ಓಡಿ, ನೀಲಿ ಚೀಲದ ಜಿಪ್ ಎಳೆದು, ಅಜ್ಜಿಯ ಸೀರೆಗಳನ್ನು ಒಂದೊಂದಾಗಿ ಹೊರಗೆಳೆದು ನೆಲದ ಮೇಲೆ ಹಾಕಿದೆ. ಹೊರಗೆ ಉಡುವವು, ಮಡಿಯವು, ಕಾಶಿಯಿಂದ ತಂದದ್ದು, ಒಂದನ್ನೂ ಬಿಡಲಿಲ್ಲ. ಕೈಯಲ್ಲಿ ಪಾಯಸ, ಸಾರು, ವಡೆಯ ಎಣ್ಣೆ.

"ಅಯ್ಯೋ, ಎಂಜಲು ಕೈ! ಎಂಜಲು ಕೈ ಇದರದ್ದು! ಮಡಿ ಸೀರೆ ಎಲ್ಲ ಮುಟ್ಟಿ ಹಾಕಿತಲ್ಲ ಈ ಹೆಣ್ಣು! ಹಿಡಿಯಿರಿ ಯಾರಾದರೂ!"

ಯಾರೂ ಹಿಡಿಯಲಿಲ್ಲ. ಅಜ್ಜಿ ಏದುಸಿರು ಬಿಡುತ್ತಾ ಬಂದು, ರಾಶಿಯ ಮುಂದೆ ನಿಂತು, ಸೊಂಟಕ್ಕೆ ಕೈ ಕೊಟ್ಟುಕೊಂಡು ದೊಡ್ಡಪ್ಪನ ಕಡೆ ತಿರುಗಿದಳು.

"ನೋಡಿದೆಯಾ? ಇನ್ನು ಇದೆಲ್ಲ ಒಗೆದು ಒಣಗದೆ ನಾನು ಎಲ್ಲಿಗೆ ಬರುದು? ನೀನು ಹೋಗು."

"ಎಷ್ಟು ದಿನ ಆಗ್ಬಹುದು ಅಮ್ಮ?" ಎಂದರು ದೊಡ್ಡಪ್ಪ, ಟಿಕೆಟ್ ಬದಲಿಸುವ ಯೋಚನೆಯಲ್ಲಿ.

ಅಜ್ಜಿ ಕಿಟಕಿಯಾಚೆಯ ಮೆಲ್ಬರ್ನಿನ ಮೋಡವನ್ನು ನೋಡಿ, ಈ ಊರಿನಲ್ಲಿ ಅದನ್ನು ಹೇಳಲಿಕ್ಕೆ ಬರುವುದಿಲ್ಲ ಎಂದಳು. ನಾನು ಹೈಸ್ಕೂಲಿಗೆ ಹೋದೆ, ಯೂನಿವರ್ಸಿಟಿ ಮುಗಿಸಿದೆ, ನನಗೆ ಮದುವೆಯಾಯಿತು. ಆ ಸೀರೆಗಳು ಇನ್ನೂ ಒಣಗಿರಲಿಲ್ಲ.